ಪಾವಿನ ಲೆಕ್ಕ, ತಕ್ಕಡಿಯ ಲೆಕ್ಕ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಂಪ್ಯೂಟರ್ ಬಗ್ಗೆ ಮಾತಾಡು ಎಂದಿದ್ದರು. ನಾನು ಊಟದ ಬಗ್ಗೆ ಮಾತಾಡುತ್ತೇನೆ. ಬಿ.ಇ. ಮುಗಿಸಿ ಹದಿಮೂರು ವರ್ಷ ಕುರ್ಚಿಯಲ್ಲೇ ಕೂತು ದುಡಿದೆ; ಮೂವತ್ತೈದಕ್ಕೇ ಸಕ್ಕರೆ ಕಾಯಿಲೆ ಬಂತು. ಇಲ್ಲಿ ಕೂತವರಲ್ಲೂ ಕೆಲವರಿಗೆ ಇದ್ದೀತು, ಮುಚ್ಚಿಡುವುದೇನು?

ತೂಕ ಇಳಿಸಿ, ಹೊತ್ತಿಗೆ ಒಂದು ಕಪ್ ಅನ್ನ ಸಾಕು ಅಂದರು ವೈದ್ಯರು. ತಿಂದದ್ದನ್ನೆಲ್ಲ ಕಪ್ಪಿನ ಲೆಕ್ಕದಲ್ಲಿ ಮೊಬೈಲಿಗೆ ಹಾಕಿ ಕ್ಯಾಲೊರಿ ಕೂಡಿಸಿದೆ. ಎರಡು ತಿಂಗಳಾದರೂ ತೂಕ ಕದಲಲಿಲ್ಲ. ಆಗ ನೆನಪಾದದ್ದು ನಮ್ಮ ವಿಜ್ಞಾನದ ಮೇಷ್ಟ್ರು. ಸಾಂದ್ರತೆಯ ಪಾಠಕ್ಕೆ ಒಂದೇ ಡಬ್ಬಿಗೆ ಮೊದಲು ಹತ್ತಿ, ಆಮೇಲೆ ಮರಳು ತುಂಬಿಸಿ ನಮ್ಮ ಕೈಯಲ್ಲೇ ತೂಗಿಸಿದ್ದರು. ಮಾರನೇ ದಿನವೇ ಅಡುಗೆಮನೆಗೆ ಪುಟ್ಟ ತಕ್ಕಡಿ ತಂದೆ.

ನನ್ನ 200 ಮಿ.ಲೀ. ಕಪ್ಪು ತೆಳು ಅವಲಕ್ಕಿ ಹಿಡಿದದ್ದು 25 ಗ್ರಾಂ, ಗಟ್ಟಿ ಅವಲಕ್ಕಿ 75. ಎರಡೂ 100 ಗ್ರಾಂಗೆ ಸುಮಾರು 350 ಕ್ಯಾಲೊರಿಯೇ. ಕಪ್ಪು ಒಂದೇ, ಹೊಟ್ಟೆಗೆ ಹೋಗುವುದು ಮೂರು ಪಟ್ಟು! ರಾಗಿ ಹಿಟ್ಟು ಸುಮ್ಮನೆ ಸುರಿದರೆ 100 ಗ್ರಾಂ, ಕುಟ್ಟಿ ತುಂಬಿದರೆ 130. ಎಣ್ಣೆ ಗ್ರಾಂಗೆ 9 ಕ್ಯಾಲೊರಿ. ಒಗ್ಗರಣೆಗೆ ಕೈಜಾರಿ ಬಿದ್ದ ಒಂದು ದೊಡ್ಡ ಚಮಚವೇ ಸುಮಾರು 120. ಹಾಲು, ಮಜ್ಜಿಗೆಗೆ ಮಾತ್ರ ಲೋಟದ ಅಳತೆ ಸಾಕು, ಅವು ಅದುಮಿದರೆ ಕುಗ್ಗುವುದಿಲ್ಲ.

ತೂಗಿಯೂ ಒಮ್ಮೆ ಮೋಸಹೋದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, 100 ಗ್ರಾಂ ಅನ್ನದಲ್ಲಿ ಸುಮಾರು 130. ಅನ್ನದಲ್ಲಿ ಬಹುಪಾಲು ನೀರು. ಮುದ್ದೆಯೂ ಹಾಗೇ. ಮೆತ್ತಗಿನದು, ಗಟ್ಟಿಯದು ಒಂದೇ ಗಾತ್ರವಿದ್ದರೂ ಒಳಗಿನ ಹಿಟ್ಟು ಬೇರೆ. ಬೇಯಿಸುವ ಮುಂಚೆಯೇ ತೂಗಿಬಿಟ್ಟರೆ ಈ ಗೊಂದಲವಿಲ್ಲ.

ತಕ್ಕಡಿಯನ್ನು ಊರಿಗೆ ತಂದ ದಿನ ಅವ್ವ ಸಿಟ್ಟಾದಳು. "ಉಣ್ಣೋ ಅನ್ನ ತೂಗ್ತೀಯೇನೋ? ಕಡ ಕೊಡೋವಾಗ್ಲೂ ಈ ಮನೇಲಿ ಪಾವಿನ ಮೇಲೆ ಗುಡ್ಡೆ ಮಾಡೇ ಅಳೆದಿರೋದು." ಅವಳ ಮಾತು ಸರಿಯೇ. ನಾನು ತಟ್ಟೆ ತೂಗುವುದನ್ನು ಬಿಟ್ಟೆ. ನನ್ನ ಪಾಲಿನ 60 ಗ್ರಾಂ ಅಕ್ಕಿಯನ್ನು ಒಮ್ಮೆ ತೂಗಿ ಸ್ಟೀಲ್ ಲೋಟಕ್ಕೆ ಹಾಕಿ, ಅದು ನಿಂತ ಮಟ್ಟಕ್ಕೆ ಒಳಗೊಂದು ಗೀರು ಹಾಕಿದೆ. ಅಕ್ಕಿ ಹಿಟ್ಟಿನಂತೆ ಅದುಮುವುದಿಲ್ಲ, ಗೀರನ್ನು ನಂಬಬಹುದು. ಆರು ತಿಂಗಳಲ್ಲಿ ಏಳು ಕೆ.ಜಿ. ಇಳಿದಿದ್ದೇನೆ.

ಈಗ ಊರಿಗೆ ಬಂದರೆ ಅವ್ವ ಗೀರಿನ ಮಟ್ಟಕ್ಕೇ ಅಕ್ಕಿ ಅಳೆದು ಬೇರೆ ಬಟ್ಟಲಲ್ಲಿ ಬೇಯಲು ಇಡುತ್ತಾಳೆ. ನಾನು ಆಚೆ ತಿರುಗಿದೊಡನೆ ಇನ್ನೊಂದು ಹಿಡಿ ಸೇರಿಸುತ್ತಾಳೆ. ಆ ಹಿಡಿ 40 ಗ್ರಾಂ. ಅದನ್ನೂ ಬರೆದುಕೊಳ್ಳುತ್ತೇನೆ.