ಚೀಟಿಯಲ್ಲಿ ಬರೆಯದ ಕೆಲಸ



ಮಳೆಗಾಲದಲ್ಲಿ ಜ್ವರವೆಂದು ಬಂದವರನ್ನು ಕಂಡರೆ ನಮ್ಮ ವೈದ್ಯರಿಗೆ ಮೊದಲು ನೆನಪಾಗುವುದು ಡೆಂಗಿ. ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ, ಪ್ಲೇಟ್‌ಲೆಟ್ ನೋಡುತ್ತಾರೆ. ತಪ್ಪೇನಲ್ಲ. ಆದರೆ ಮೀನಖಂಡ ವಿಪರೀತ ನೋಯುತ್ತಿದ್ದು, ಕಣ್ಣು ಕೆಂಪೇರಿದ್ದು, ರೋಗಿಯು ವಾರದ ಹಿಂದೆ ಮೋರಿಯ ಹೂಳೆತ್ತಿದವರಾಗಿದ್ದರೆ ಅದು ಇಲಿ ಜ್ವರವೂ ಇರಬಹುದು. ಇಲಿ, ಹೆಗ್ಗಣಗಳ ಮೂತ್ರದಿಂದ ನೀರಿಗಿಳಿಯುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾಕ್ಕೆ ಮೈಯೊಳಗೆ ಹೋಗಲು ಅಂಗಾಲಿನ ಒಂದು ಬಿರುಕು, ಬೆರಳ ಸಂದಿಯ ಒಂದು ಕೆಸರುಹುಣ್ಣು ಸಾಕು. ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಔಷಧಕ್ಕೆ ಬಗ್ಗುತ್ತದೆ. ಬಿಟ್ಟರೆ ಕಾಮಾಲೆಗೆ, ಮೂತ್ರಪಿಂಡ ಕೈಕೊಡುವುದಕ್ಕೆ ಹೋಗಿ ಮುಟ್ಟಬಹುದು. ಲಂಡನ್ನಿನ ಒಳಚರಂಡಿ ಕೆಲಸಗಾರರಲ್ಲಿ ಈ ರೋಗವಿದೆಯೆಂದು 1934ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಹೊಸ ಸಂಗತಿಯಲ್ಲ. ಬೇಕಾದದ್ದು ಒಂದು ಪ್ರಶ್ನೆ ಅಷ್ಟೆ: ಏನು ಕೆಲಸ ಮಾಡ್ತೀರಮ್ಮ?

ವೈದ್ಯರು ಈ ಪ್ರಶ್ನೆ ಕೇಳಲೇಬೇಕೆಂದು ಹಟ ಹಿಡಿದವರು ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಜ್ಜಿನಿ. ಮೊದೆನಾ ಊರಿನ ತಮ್ಮ ಮನೆಯ ಮಲಗುಂಡಿ ಬಳಿಯಲು ಬಂದವನನ್ನು ಅವರು ಮಾತಾಡಿಸಿದರು. ಆ ಕಸುಬಿನವರ ಕಣ್ಣು ಉರಿದು, ಎಷ್ಟೋ ಜನ ಕುರುಡಾಗಿ ಭಿಕ್ಷೆಗಿಳಿಯುತ್ತಾರೆಂದು ಗೊತ್ತಾಯಿತು. 1700ರಲ್ಲಿ ಕಸುಬುಗಳ ಕಾಯಿಲೆಗಳ ಬಗ್ಗೆ ಬಂದ ಅವರ ಪುಸ್ತಕಕ್ಕೆ ಅದೇ ಪ್ರೇರಣೆ. ಔದ್ಯೋಗಿಕ ವೈದ್ಯಶಾಸ್ತ್ರ ಶುರುವಾದದ್ದೇ ಮಲಗುಂಡಿಯ ಅಂಚಿನಲ್ಲಿ ಎಂಬುದನ್ನು ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳಬೇಕೇನೋ.

ಕೇಳಿದರೆ ಸಾಲದು, ಬರೆಯಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿಯಲ್ಲಿ ಮೊದಲ ನಮೂದೇ ಸೋಂಕಿನ ವಿಶೇಷ ಅಪಾಯವಿರುವ ಕೆಲಸದಲ್ಲಿ ತಗಲಿದ ಸಾಂಕ್ರಾಮಿಕ ರೋಗಗಳದ್ದು. ಅಂಥ ರೋಗ ಕೆಲಸದಿಂದ ಬಂದದ್ದಲ್ಲ ಎಂದು ಯಾರಾದರೂ ಸಾಬೀತು ಮಾಡುವ ತನಕ ಕೆಲಸದಿಂದಲೇ ಬಂತೆಂದು ಕಾನೂನು ನಂಬುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ಹೆಸರು, ವಯಸ್ಸು ಮಾತ್ರವಿದ್ದು ಕೆಲಸ ಯಾವುದೆಂದೇ ಇಲ್ಲದಿದ್ದರೆ ಈ ಅನುಕೂಲದಿಂದ ಏನು ಬಂತು? ಮ್ಯಾನ್‌ಹೋಲ್‌ನಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ, 2023ರಲ್ಲಿ 30 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು. ಅಗತ್ಯವಾಗಿತ್ತು. ಆದರೆ ಆ ಸಾವು ಊರಿಗೆಲ್ಲ ಕಾಣುತ್ತದೆ. ಮೋರಿಯ ಸೋಂಕು ಹತ್ತಿಸಿಕೊಂಡು ಕೆಲವು ವಾರಗಳ ಮೇಲೆ ಮನೆಯಲ್ಲಿ ಕಾಮಾಲೆಯಿಂದ ಸತ್ತವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಇನ್ನು ಸೂಜಿ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಂಡ ಇನ್ಸುಲಿನ್ ಸೂಜಿ ಹಸಿ ಕಸದ ಬುಟ್ಟಿಯಿಂದ ಆಟೋ ಟಿಪ್ಪರಿಗೆ, ಅಲ್ಲಿಂದ ಯಾರದೋ ಅಂಗೈಗೆ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ಸೋಂಕಿತರ ಸೂಜಿ ಲಸಿಕೆಯಿಲ್ಲದವರಿಗೆ ಚುಚ್ಚಿದರೆ ರೋಗ ಹತ್ತುವ ಸಾಧ್ಯತೆ ನೂರಕ್ಕೆ 30ರವರೆಗೂ ಹೋಗುತ್ತದೆ. ಎಚ್‌ಐವಿಗಾದರೆ ಸಾವಿರಕ್ಕೆ ಸುಮಾರು 3. ಆಸ್ಪತ್ರೆಯ ತ್ಯಾಜ್ಯ ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಕೊಡಿಸಲೇಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಅದೇ ಸೂಜಿ ನಮ್ಮ ಮನೆಯಿಂದ ಹೊರಟರೆ ಅದು ಮನೆಯ ಕಸದ ಲೆಕ್ಕ. ಹೆಸರು ಬದಲಾಗುತ್ತದೆ, ಮೊನೆ ಬದಲಾಗುವುದಿಲ್ಲ. ‘ಕೊಟ್ಟ ಗ್ಲೌಸ್ ಹಾಕ್ಕೊಳ್ಳಲ್ಲ ಅವರು’ ಎಂದು ಕಸ ಒಯ್ಯುವವರ ಬಗ್ಗೆ ಬಾಲ್ಕನಿಯಿಂದ ದೂರುವವರನ್ನು ಕಂಡರೆ ನನಗೆ ರೇಗುತ್ತದೆ. ತೆಳು ರಬ್ಬರಿನ ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ.

ಕಸದಿಂದ ಬಾರದ ಸೋಂಕೂ ಒಂದಿದೆ. ನಸುಕಿನಲ್ಲಿ ಬೀದಿ ಗುಡಿಸಲು ಇಳಿಯುವ ಹೆಂಗಸರಿಗೆ ಹತ್ತಿರದಲ್ಲಿ ಶೌಚಾಲಯವಿಲ್ಲದಿದ್ದರೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಉರಿಮೂತ್ರ ಬರುವುದು ಹಾಗೆ. ಅದಕ್ಕೆ ಮಾತ್ರೆಗಿಂತ ಮೊದಲು ಬೇಕಾದದ್ದು ಬೀಗ ಹಾಕದ ಶೌಚಾಲಯ.

ಮತ್ತೆ ಲಸಿಕೆಗೆ ಬರೋಣ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸು: ಮೊದಲನೆಯದು ಆದ ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಷ್ಟರಲ್ಲಿ ಕಸದ ಕೆಲಸದ ಗುತ್ತಿಗೆ ಕೈಬದಲಾದರೆ ಕೊನೆಯ ಡೋಸು ಕೊಡಿಸುವವರು ಯಾರು? ಹೊಸ ಗುತ್ತಿಗೆದಾರರಿಗೆ ಹಳೆಯ ಲೆಕ್ಕ ಬೇಡ. ಹಾಗಾಗಿ ಲಸಿಕೆಯ ಕಾರ್ಡು ಕೆಲಸದವರ ಕೈಯಲ್ಲಿರಬೇಕು, ಮೂರೂ ಡೋಸುಗಳ ಹೊಣೆ ನೇರವಾಗಿ ನಗರಸಭೆಯ ಆರೋಗ್ಯಾಧಿಕಾರಿಯ ಮೇಲಿರಬೇಕು.