ಆಟಗಾರ ಮರಳಿ ಬಂದಾಗ

ಆಡುವವರು ಕೆಲವರು, ನೋಡುವವರು ಸಾವಿರಾರು ಮಂದಿ. ಆಡುವವರ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ. ಶಾಲೆಯ ಅಂಗಳದಲ್ಲಿ ನಾಲ್ಕು ಸಲ ಚೆಂಡು ಒದ್ದದ್ದನ್ನು ಬಿಟ್ಟರೆ ನಾನು ಮೈದಾನಕ್ಕೆ ಇಳಿದವನೇ ಅಲ್ಲ. ಆದರೆ ಹತ್ತಿರ ಹತ್ತಿರ ನಲವತ್ತು ವರ್ಷ ಕಾಲ್ಚೆಂಡಿನಾಟವನ್ನು ನೋಡಿದ ಬಲದಿಂದ, ನೋಡುವವರ ಪರವಾಗಿ ಒಂದೆರಡು ಮಾತು ಹೇಳಬಹುದೆಂದು ತಿಳಿದಿದ್ದೇನೆ. ಗಾಯಗೊಂಡು ಬಿದ್ದ ಆಟಗಾರ ಎದ್ದು ಮರಳಿ ಬರುವುದನ್ನು ಕಾಣುವಾಗ ನೋಡುಗನಿಗೆ ಆಗುವ ಸಂತೋಷ ಸಾಮಾನ್ಯವಾದುದಲ್ಲ. ಆ ಸಂತೋಷದ ಒಳಗೆ ನೋಡುಗನದೇ ಆದ ಒಂದು ತಪ್ಪೂ ಕೆಲವೊಮ್ಮೆ ಅಡಗಿರುತ್ತದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇವೆರಡನ್ನು ಕುರಿತು.

ನಮ್ಮ ಮನೆ ಇರುವುದು ವಿಜಯಪುರದ ಅಥಣಿ ರಸ್ತೆಯಲ್ಲಿ. ಈ ರಸ್ತೆ ಊರಿನಿಂದ ಪಡುವಣಕ್ಕೆ ಹೊರಟು, ತೊರವಿಯನ್ನು ದಾಟಿ, ತಿಕೋಟಾದ ಕಡೆಗೆ ಸಾಗುತ್ತದೆ. ತೊರವಿಯೆಂದೊಡನೆ ಸಾಹಿತ್ಯಾಸಕ್ತರಿಗೆ ಕುಮಾರ ವಾಲ್ಮೀಕಿಯ ರಾಮಾಯಣ ನೆನಪಾದೀತು. ಇತಿಹಾಸ ಬಲ್ಲವರಿಗೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಕಟ್ಟಲು ತೊಡಗಿದ ನವರಸಪುರ ಕಣ್ಣಮುಂದೆ ಬಂದೀತು. ತಿಕೋಟಾ ಎಂದರೆ ದ್ರಾಕ್ಷಿಯ ಸೀಮೆ. ಕಾಲ್ಚೆಂಡಿಗೂ ಈ ಸೀಮೆಗೂ ಹೇಳಿಕೊಳ್ಳುವಂಥ ನಂಟಿಲ್ಲ. ನಮ್ಮ ಕಡೆಯ ಹುಡುಗರು ಒಂದೋ ಕುಸ್ತಿಯ ಮಣ್ಣಿನಲ್ಲಿ ಹೊರಳುತ್ತಾರೆ, ಇಲ್ಲವೇ ಸೈಕಲ್ಲಿನ ಸ್ಪರ್ಧೆಗಳಲ್ಲಿ ಹೆಸರು ಮಾಡುತ್ತಾರೆ. ಕನ್ನಡನಾಡಿನ ಕಾಲ್ಚೆಂಡೆಂದರೆ ಬಹುಮಟ್ಟಿಗೆ ಬೆಂಗಳೂರಿನ ಕಥೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನಂಶ ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ 1-2ರಿಂದ ಸೋತ ಭಾರತ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. 2023ರ ಮಾರ್ಚಿನಲ್ಲಿ ದೂರದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಗೆದ್ದಾಗ ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದವನು ನಾನೊಬ್ಬನೇ. 1986ರಲ್ಲಿ ದೂರದರ್ಶನದ ಕಪ್ಪು ಬಿಳುಪು ಪರದೆಯ ಮೇಲೆ ಮರಡೋನನನ್ನು ಕಂಡಂದಿನಿಂದ ಅಂಟಿದ ಹುಚ್ಚು ಇದು.

ನಾನು ಹೇಳಹೊರಟಿರುವುದು ರೊನಾಲ್ಡೊನ ಕಥೆ. ಈಗಿನ ತರುಣರು ಈ ಹೆಸರು ಕೇಳಿದರೆ ಪೋರ್ಚುಗಲ್ಲಿನ ಆಟಗಾರನನ್ನು ನೆನೆಯುತ್ತಾರೆ. ನನ್ನ ರೊನಾಲ್ಡೊ ಅವನಿಗಿಂತ ಹಿರಿಯ, ಬ್ರೆಜಿಲ್ ದೇಶದವನು. 1976ರಲ್ಲಿ ಹುಟ್ಟಿದ ಈತ ಇಪ್ಪತ್ತು ತುಂಬುವಷ್ಟರಲ್ಲಿ ಲೋಕಪ್ರಸಿದ್ಧನಾಗಿದ್ದ. ಚೆಂಡನ್ನು ಕಾಲಿಗೆ ಕಟ್ಟಿಕೊಂಡವನಂತೆ ಓಡುತ್ತಿದ್ದ. ಓಟದ ನಡುವೆಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೈಯನ್ನು ತೂಗಿ, ಎದುರಿನವನು ಯಾವ ಕಡೆಗೆ ವಾಲಿದನೋ ಅದಕ್ಕೆ ವಿರುದ್ಧವಾದ ಕಡೆಯಿಂದ ನುಗ್ಗಿಬಿಡುತ್ತಿದ್ದ. ಆ ಓಟದ ಇಡೀ ಭಾರವನ್ನು ಹೊರುತ್ತಿದ್ದುದು ಅವನ ಮಂಡಿ.

ಮಂಡಿಯ ಕೆಲಸವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆಯ ಬಾವಿಗಳ ಮೇಲಿನ ಗಡಗಡಿಯನ್ನು ನೆನೆಸಿಕೊಳ್ಳಿ. ತೊಡೆಯ ಮಾಂಸಖಂಡ ಹಗ್ಗವನ್ನು ಎಳೆಯುವ ಕೈ, ಮಂಡಿಚಿಪ್ಪು ಗಡಗಡಿ, ಚಿಪ್ಪಿನಿಂದ ಮೊಣಕಾಲ ಎಲುಬಿಗೆ ಇಳಿಯುವ ಗಟ್ಟಿಯಾದ ಸ್ನಾಯುರಜ್ಜು ಹಗ್ಗದ ಕೊನೆಯ ತುಂಡು. ಆ ತುಂಡು ಹರಿದರೆ ಎಳೆಯುವ ಕೈಗೆ ಎಷ್ಟು ಬಲವಿದ್ದರೂ ಕೊಡ ಮೇಲೇಳುವುದಿಲ್ಲ, ಎಂದರೆ ಕಾಲು ನೇರವಾಗುವುದಿಲ್ಲ. ಮಾಂಸಕ್ಕೆ ಹರಿಯುವಷ್ಟು ರಕ್ತ ಈ ರಜ್ಜುವಿಗೆ ಹರಿಯುವುದಿಲ್ಲವಾದ್ದರಿಂದ ಇದು ಕೂಡಿಕೊಳ್ಳುವುದು ಬಹಳ ನಿಧಾನ. ಹೊರಗಿನ ಹೊಲಿಗೆ ಒಣಗಿದ ಮಾತ್ರಕ್ಕೆ ಒಳಗಿನ ಹಗ್ಗ ಗಟ್ಟಿಯಾಯಿತೆಂದು ಹೇಳುವಂತಿಲ್ಲ.

1999ರ ನವೆಂಬರ್ 21ರಂದು, ಇಟಲಿಯ ಇಂಟರ್ ಮಿಲಾನ್ ತಂಡದ ಪರವಾಗಿ ಆಡುತ್ತಿದ್ದಾಗ, ರೊನಾಲ್ಡೊನ ಬಲಮಂಡಿಯ ಈ ರಜ್ಜುವಿಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ನಡೆಯಿತು. ಐದು ತಿಂಗಳೂ ತುಂಬಿರಲಿಲ್ಲ. 2000ದ ಏಪ್ರಿಲ್ 12ರಂದು ರೋಮ್ ನಗರದಲ್ಲಿ ಲಾಜಿಯೊ ತಂಡದ ವಿರುದ್ಧದ ಪಂದ್ಯದ ಉತ್ತರಾರ್ಧದಲ್ಲಿ ಅವನನ್ನು ಇಳಿಸಿದರು. ಪ್ರೇಕ್ಷಕರು ಅವನಿಗಾಗಿ ಕಾದಿದ್ದರು. ಆರೇಳು ನಿಮಿಷವಾಗಿತ್ತಷ್ಟೆ. ಚೆಂಡಿನೊಡನೆ ಮುನ್ನುಗ್ಗುತ್ತ ತನ್ನ ಹಳೆಯ ಚಳಕದಂತೆ ಮೈ ತೂಗಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಮಂಡಿ ತಾನಾಗಿ ಕುಸಿಯಿತು. ರಜ್ಜು ಪೂರಾ ಹರಿದುಹೋಯಿತು. ಮಂಡಿಯನ್ನು ಎರಡು ಕೈಗಳಿಂದ ಹಿಡಿದು ಅವನು ಗೋಳಿಟ್ಟ ಆ ದೃಶ್ಯವನ್ನು ನಾನು ಮರುದಿನದ ಸುದ್ದಿಯಲ್ಲಿ ನೋಡಿದೆ. ಆಗ ಅವನಿಗೆ 23 ವರ್ಷ.

ನೋಡುತ್ತಿದ್ದಂತೆ ನನ್ನ ಕೈ ತಣ್ಣಗಾಯಿತು. ದೂರದೇಶದ ಆಟಗಾರನೊಬ್ಬನ ನೋವಿಗೆ ಇಷ್ಟು ಕರಗುವ ಮೃದುಹೃದಯ ನನ್ನದೆಂದು ತಿಳಿಯಬೇಡಿ. ಅಂಥದೇ ದೃಶ್ಯವೊಂದನ್ನು ನಾನು ಹತ್ತಿರದಿಂದ ಕಂಡಿದ್ದೆ; ಕಂಡದ್ದು ಮಾತ್ರವಲ್ಲ, ಅದಕ್ಕೆ ಕಾರಣನೂ ಆಗಿದ್ದೆ.

ನನ್ನ ತಮ್ಮ ಕುಸ್ತಿಯವನು. ಹತ್ತೊಂಬತ್ತರ ವಯಸ್ಸಿಗೇ ಸುತ್ತಿನ ಹಳ್ಳಿಗಳ ಜಾತ್ರೆಗಳಲ್ಲಿ ಅವನ ಹೆಸರು ಕೂಗಿದರೆ ಹಲಗೆಯವರು ಬಡಿತವನ್ನು ಏರಿಸುತ್ತಿದ್ದರು. ಒಂದು ವರ್ಷ ದೀಪಾವಳಿಯ ಸುಮಾರಿಗೆ ತಾಲೀಮಿನಲ್ಲಿ ಮಂಡಿ ತಿರುಚಿತು. ಗರಡಿಯ ಉಸ್ತಾದರು, ಒಂದು ವರ್ಷ ಮಣ್ಣಿಗೆ ಇಳಿಯಬೇಡ ಎಂದು ಹೇಳಿದರು. ಮೂರು ತಿಂಗಳಿಗೆ ಊತ ಇಳಿಯಿತು, ನಡಿಗೆ ಸರಿಹೋಯಿತು. ಅಷ್ಟರಲ್ಲಿ ಒಂದೂರಿನ ಜಾತ್ರೆಯ ಕುಸ್ತಿಗೆ ಕರೆ ಬಂತು. ಅವನು ಹಿಂಜರಿದ. ರಾತ್ರಿ ಊಟವಾದ ಮೇಲೆ ನನ್ನೊಬ್ಬನ ಎದುರಿಗೆ ಹೇಳಿದ: “ಅಣ್ಣಾ, ಈ ಮಂಡಿ ಇನ್ನೂ ನಂದು ಅಂತ ಅನಸವಲ್ತು.” ನಾನು ಕೇಳಲಿಲ್ಲ. “ಮಂದಿ ನಿನ್ನ ಹಾದಿ ಕಾಯಾಕತ್ತಾರ, ಹೆದರಬ್ಯಾಡ,” ಎಂದೆ. ಅವನನ್ನು ಕಣದಲ್ಲಿ ನೋಡುವ ಆಸೆ ಆ ಊರಿನ ಮಂದಿಗಿಂತ ನನಗೇ ಹೆಚ್ಚಾಗಿತ್ತು. ಅವನು ಇಳಿದ. ಎದುರಾಳಿಯ ಹಿಡಿತದಿಂದ ಪಾರಾಗಿ ತಿರುಗುವಾಗ ಬಿದ್ದ. ಹಲಗೆ ನಿಂತಿತು. ಆಮೇಲೆ ಅವನು ಕುಸ್ತಿಯಾಡಲಿಲ್ಲ. ಎಡಗಾಲು ಇಂದಿಗೂ ಪೂರಾ ಮಡಚುವುದಿಲ್ಲ. ತಿಕೋಟಾದ ಹತ್ತಿರ ನಮ್ಮ ಮನೆತನದ ದ್ರಾಕ್ಷಿಯ ತೋಟವನ್ನು ಅವನೇ ನೋಡಿಕೊಳ್ಳುತ್ತಾನೆ. ಆ ಜಾತ್ರೆಯ ಮಾತನ್ನು ಅವನು ಎಂದೂ ಎತ್ತಲಿಲ್ಲ. ಎತ್ತುವ ಧೈರ್ಯ ನನಗಿರಲಿಲ್ಲ.

ರೊನಾಲ್ಡೊನ ಎರಡನೆಯ ಶಸ್ತ್ರಚಿಕಿತ್ಸೆಯನ್ನು ಪ್ಯಾರಿಸ್ಸಿನ ವೈದ್ಯ ಜೆರಾರ್ ಸೆಯಾಂ ಮಾಡಿದರು. 2000-01ರ ಋತುವಿನಲ್ಲಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಮಂಡಿ ಮಡಚುವುದು, ಚಾಚುವುದು, ನಡೆಯುವುದು, ಮೆಲ್ಲಗೆ ಓಡುವುದು ಇವನ್ನೆಲ್ಲ ಮಗುವಿನಂತೆ ಮೊದಲಿನಿಂದ ಕಲಿತ. ಅವನ ಆಟ ಮುಗಿಯಿತೆಂದು ಬರೆದವರು ಬಹಳ ಮಂದಿ. ಮರಳಿ ಬಂದಮೇಲೂ ಸಣ್ಣಪುಟ್ಟ ನೋವುಗಳು ಕಾಡಿ, ವಿಶ್ವಕಪ್ಪಿಗೆ ಮೊದಲು ಅವನು ಆಡಿದ್ದು ಕೆಲವೇ ಪಂದ್ಯಗಳು. ಆದರೂ ಬ್ರೆಜಿಲ್ಲಿನ ತರಬೇತುದಾರ ಸ್ಕೊಲಾರಿ ಅವನನ್ನು ತಂಡಕ್ಕೆ ಸೇರಿಸಿಕೊಂಡರು.

ನಮ್ಮ ನಾಡಿನಲ್ಲಿಯೂ ಅದೇ ಸುಮಾರಿಗೆ ಇಂಥದೇ ಒಂದು ನಿರೀಕ್ಷೆ ನಡೆದಿತ್ತು. ಕಾಸರಗೋಡಿನ ಕುಂಬಳೆಯ ಹೆಸರನ್ನು ಹೊತ್ತ ಬೆಂಗಳೂರಿನ ಅನಿಲ್ ಕುಂಬ್ಳೆ ಅವರು ಭುಜದ ಶಸ್ತ್ರಚಿಕಿತ್ಸೆಯ ಕಾರಣದಿಂದ 2001ರ ಆಸ್ಟ್ರೇಲಿಯಾ ಸರಣಿಯನ್ನು ಹೊರಗಿನಿಂದ ನೋಡಬೇಕಾಯಿತು. ಆ ಸರಣಿಯಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಪಡೆದು ಮೆರೆದಾಗ, ಕುಂಬ್ಳೆಯ ಕಾಲ ಮುಗಿಯಿತೆಂದವರು ನಮ್ಮ ರಸ್ತೆಯ ಚಹದಂಗಡಿಯಲ್ಲೂ ಇದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ ಊರಾದ ಬೆಂಗಳೂರಿನಲ್ಲಿಯೇ ಅವರು 300ನೆಯ ವಿಕೆಟ್ ಪಡೆದರು. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದರೂ ಬಟ್ಟೆ ಕಟ್ಟಿಕೊಂಡು 14 ಓವರ್ ಬೌಲ್ ಮಾಡಿ ಲಾರಾನ ವಿಕೆಟ್ ಪಡೆದದ್ದನ್ನು ಎಲ್ಲರೂ ನೆನೆಯುತ್ತಾರೆ. ನೆನೆಯಬೇಕಾದದ್ದೇ. ಆದರೆ ಭುಜ ಕೂಡಿಕೊಳ್ಳಲೆಂದು ಅವರು ಚೆಂಡು ಮುಟ್ಟದೆ ಕಳೆದ ತಿಂಗಳುಗಳನ್ನು ಯಾರೂ ನೆನೆಯುವುದಿಲ್ಲ. ಆ ತಿಂಗಳುಗಳಿಲ್ಲದಿದ್ದರೆ ಆಂಟಿಗುವಾ ಎಲ್ಲಿ, 619 ವಿಕೆಟ್ಟುಗಳೆಲ್ಲಿ?

2002ರ ವಿಶ್ವಕಪ್ ಕೊರಿಯಾ ಮತ್ತು ಜಪಾನುಗಳಲ್ಲಿ ನಡೆಯಿತು. ಇಂಗ್ಲೆಂಡಿನ ವಿರುದ್ಧದ ಪಂದ್ಯವೊಂದನ್ನು ಬಿಟ್ಟು ಮಿಕ್ಕೆಲ್ಲ ಪಂದ್ಯಗಳಲ್ಲಿ ರೊನಾಲ್ಡೊ ಗೋಲು ಹೊಡೆದ. ಅಂತಿಮ ಪಂದ್ಯ ಜೂನ್ 30ರಂದು ಯೊಕೊಹಾಮಾದಲ್ಲಿ, ಜರ್ಮನಿಯ ಎದುರು. ಅಂದು ಭಾನುವಾರ. ನಮ್ಮಲ್ಲಿ ಸಂಜೆಯ ನಾಲ್ಕೂವರೆ. ತಮ್ಮ ತೋಟದಿಂದ ಬಂದಿದ್ದ. ಕುರ್ಚಿಯಲ್ಲಿ ಎಡಗಾಲು ಚಾಚಿ ಕುಳಿತಿದ್ದ.

ಜರ್ಮನಿಯ ಗೋಲಿ ಆಲಿವರ್ ಕಾನ್ ಆ ವಿಶ್ವಕಪ್ಪಿನಲ್ಲಿ ಅಲ್ಲಿಯವರೆಗೆ ಒಂದೇ ಒಂದು ಗೋಲು ಬಿಟ್ಟುಕೊಟ್ಟಿದ್ದ. ಮೊದಲರ್ಧದಲ್ಲಿ ರೊನಾಲ್ಡೊ ಅವಕಾಶಗಳನ್ನು ಕಳೆದುಕೊಂಡ. 67ನೆಯ ನಿಮಿಷ. ಅವನ ಕಾಲಿನಿಂದ ಚೆಂಡು ತಪ್ಪಿತು. ಬಿಡದೆ ಬೆನ್ನುಹತ್ತಿ ಅದನ್ನು ಕಿತ್ತುಕೊಂಡು ರಿವಾಲ್ಡೊನಿಗೆ ಕೊಟ್ಟ. ರಿವಾಲ್ಡೊ ಹೊಡೆದ ಚೆಂಡು ಕಾನನ ಎದೆಗೆ ಬಂದು, ಕೈಯಿಂದ ಜಾರಿತು. ಜಾರಿದ ಕಡೆ ರೊನಾಲ್ಡೊ ಆಗಲೇ ಓಡಿ ಬಂದಿದ್ದ. 79ನೆಯ ನಿಮಿಷದಲ್ಲಿ ಬಲಗಡೆಯಿಂದ ಬಂದ ಚೆಂಡನ್ನು ರಿವಾಲ್ಡೊ ಮುಟ್ಟಿದಂತೆ ನಟಿಸಿ ಹರಿಯಬಿಟ್ಟ. ಹಿಂದಿದ್ದ ರೊನಾಲ್ಡೊ ಬಲಗಾಲಿನಿಂದ ಮೂಲೆಗೆ ತಳ್ಳಿದ. ಹೊಲಿಗೆ ಹಾಕಿದ್ದ ಅದೇ ಬಲಗಾಲು. ಬ್ರೆಜಿಲ್ ಗೆದ್ದಿತು, 2-0. ಅವನ ಒಟ್ಟು ಗೋಲು 8. 1978ರಿಂದ 1998ರವರೆಗಿನ ಆರು ವಿಶ್ವಕಪ್ಪುಗಳಲ್ಲಿ ಯಾವ ಆಟಗಾರನೂ 6ನ್ನು ದಾಟಿರಲಿಲ್ಲ.

ನಾನು ಎದ್ದು ನಿಂತಿದ್ದೆ, ಕಣ್ಣು ತುಂಬಿತ್ತು. “ನೋಡಿದಿಯೇನೋ, ಹೆಂಗ ಬಂದ!” ಎಂದೆ. ತಮ್ಮ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: “ಏಪ್ರಿಲ್ ಚಾಟ್ನಿಗೆ ಯಾರೂ ಹಣ್ಣು ಕೇಳೂದಿಲ್ಲ ಅಣ್ಣಾ. ಎರಡನೇ ಸಲ ಅವಂಗ ಯಾರೂ ಕೇಳಲಿಲ್ಲ, ಅದಕ್ಕ ಬಂದ.”

ಈ ಮಾತನ್ನು ದ್ರಾಕ್ಷಿ ಬೆಳೆಯದವರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ; ಅದಕ್ಕೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ತಿಂಗಳ ಚಾಟ್ನಿಯ ನಂತರ ಬರುವುದು ಬರಿಯ ಕಡ್ಡಿ ಮತ್ತು ಎಲೆ. ಮುಂದಿನ ಫಸಲಿನ ಗೊನೆ ಆ ಕಡ್ಡಿಯ ಕಣ್ಣುಗಳೊಳಗೆ, ಯಾರಿಗೂ ಕಾಣದಂತೆ, ರೂಪುಗೊಳ್ಳುತ್ತಿರುತ್ತದೆ. ಅಕ್ಟೋಬರಿನ ಚಾಟ್ನಿಯಾದ ಮೇಲೆಯೇ ಗೊನೆ ಹೊರಬರುವುದು. ಹಣ್ಣು ಕೈಗೆ ಬರುವುದು ಬೇಸಿಗೆಯ ಬಾಗಿಲಲ್ಲಿ. ನಡುವೆ ಅವಸರಪಟ್ಟವನಿಗೆ ಹಣ್ಣೂ ಇಲ್ಲ, ಬಳ್ಳಿಯೂ ಇಲ್ಲ.

ಅವನು ಬಳ್ಳಿಯ ಮಾತನ್ನಷ್ಟೇ ಆಡಿದನೆಂದು ನಾನು ಸುಮ್ಮನಿರಬಹುದಾಗಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಕಾನ್ ಕಾಣಿಸಿದ. ಗೋಲಿನ ಕಂಬಕ್ಕೆ ಒರಗಿ ಒಬ್ಬನೇ ಕುಳಿತಿದ್ದ. ಆ ಪಂದ್ಯದಲ್ಲಿಯೇ ಅವನ ಬಲಗೈಯ ಬೆರಳಿಗೆ ಪೆಟ್ಟಾಗಿತ್ತೆಂಬುದು ನಮಗೆ ಆಮೇಲೆ ಪತ್ರಿಕೆಯಿಂದ ತಿಳಿಯಿತು. ಕ್ಯಾಮೆರಾ ಅವನನ್ನು ಬಿಟ್ಟು ಕುಣಿಯುತ್ತಿದ್ದವರ ಕಡೆಗೆ ಹೊರಳಿತು. ತಮ್ಮ, “ಅಂವನ್ನ ಇನ್ನೊಂದೀಟು ತೋರಸಬೇಕಾಗಿತ್ತು,” ಎಂದ. ಆಗ ನಾನು ಹನ್ನೊಂದು ವರ್ಷ ನುಂಗಿಕೊಂಡಿದ್ದ ಮಾತು ಹೊರಬಂತು: “ಅವತ್ತ ನಿನ್ನನ್ನ ಕಣಕ್ಕ ಇಳಸಿದ್ದು ನಾನು. ತಪ್ಪು ನಂದು.” ಅವನು ನನ್ನತ್ತ ತಿರುಗಿ ಸ್ವಲ್ಪ ಹೊತ್ತು ನೋಡಿದ. “ಇರಲಿ ತಗೋ, ಚಹಾ ಆರಾಕತ್ತದ,” ಎಂದ. ಅದರ ಮೇಲೆ ನಾವಿಬ್ಬರೂ ಆ ಮಾತನ್ನು ಬೆಳೆಸಲಿಲ್ಲ.

ರೊನಾಲ್ಡೊನ ದೇಹ ಮುಂದೆಯೂ ಅವನನ್ನು ಸುಮ್ಮನೆ ಬಿಡಲಿಲ್ಲ. 2008ರ ಫೆಬ್ರವರಿಯಲ್ಲಿ ಎಡಮಂಡಿಯ ರಜ್ಜು ಹರಿಯಿತು. ಮತ್ತೆ ಎದ್ದ, ಮತ್ತೆ ಆಡಿದ. 2011ರ ಫೆಬ್ರವರಿಯಲ್ಲಿ ಆಟಕ್ಕೆ ವಿದಾಯ ಹೇಳಿದ. ಮರಳಿ ಬರುವುದೆಂದರೆ ಗಾಯವನ್ನು ಒಂದೇ ಸಲಕ್ಕೆ ಗೆದ್ದುಬಿಡುವುದಲ್ಲ. ಅದು ಕೊಟ್ಟಷ್ಟು ಅವಧಿಯಲ್ಲಿ ಆಡಿಕೊಳ್ಳುವುದು.

ಕೇಳುಗರೆ, ಮೈದಾನದಲ್ಲಿ ಬಿದ್ದವನನ್ನು ಎಬ್ಬಿಸುವವರು ವೈದ್ಯರು, ತರಬೇತುದಾರರು, ಎಲ್ಲಕ್ಕೂ ಮಿಗಿಲಾಗಿ ಅವನೇ. ನೋಡುಗರಾದ ನಮ್ಮ ಪಾಲಿಗೆ ಉಳಿದಿರುವ ಕೆಲಸ ಒಂದೇ, ಅವನ ಹೆಸರನ್ನು ಅವಸರದಿಂದ ಕೂಗದಿರುವುದು. ನಿಮ್ಮ ಮನೆಯಲ್ಲಿಯೂ ಆಡುವ ಹುಡುಗನೋ ಹುಡುಗಿಯೋ ಇದ್ದರೆ, “ಈ ಕಾಲು ಇನ್ನೂ ನನ್ನದೆನಿಸುತ್ತಿಲ್ಲ” ಎಂದು ರಾತ್ರಿ ಊಟವಾದ ಮೇಲೆ ಮೆಲ್ಲಗೆ ಹೇಳಿದರೆ, ಆ ಮಾತನ್ನು ಕೇಳಿ. ನಾನು ಕೇಳಿರಲಿಲ್ಲ.