ಅಳೆದದ್ದು ಎಷ್ಟು, ಲೆಕ್ಕ ಹಾಕಿದ್ದು ಎಷ್ಟು?

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳ ಗಣಿತದ ಬಗ್ಗೆ ಮಾತಾಡಿ ಎಂದು ಪದಾಧಿಕಾರಿಗಳು ಕೇಳಿದಾಗ ನಾನು ಆರಿಸಿಕೊಂಡದ್ದು 'ಅಳತೆ'ಯನ್ನು. ಇಲ್ಲಿರುವ ಎಲ್ಲರೂ ದಿನವೂ ಅಳೆಯುವವರೇ. ಅಕ್ಕಿಯನ್ನು ಪಾವಿನಲ್ಲಿ, ರವಿಕೆ ಬಟ್ಟೆಯನ್ನು ಮೀಟರಿನಲ್ಲಿ, ಮಲ್ಲಿಗೆಯನ್ನು ಮೊಳದಲ್ಲಿ. ಚೆನ್ನೈನ ಹೂವಿನವಳಿಗೆ ಅದು ಮುಳಂ, ಅಷ್ಟೇ ವ್ಯತ್ಯಾಸ. ಅಳೆಯುವ ವಸ್ತುವಿನ ಪಕ್ಕದಲ್ಲೇ ಅಳತೆಗೋಲನ್ನು ಇಟ್ಟು, ಎಷ್ಟು ಸಲ ಹಿಡಿಯಿತು ಎಂದು ಎಣಿಸುತ್ತೇವೆ. ಇದು ನೇರ ಅಳತೆ.

ಈಗ ಕೈಗೂಸಿನ ತೂಕ ನೋಡಬೇಕು ಅಂದುಕೊಳ್ಳಿ. ಯಂತ್ರದ ಮೇಲೆ ಮಲಗಿಸಿದರೆ ಅದು ಸುಮ್ಮನಿರುವುದಿಲ್ಲ. ತಾಯಿ ಮಗುವನ್ನು ಎತ್ತಿಕೊಂಡು ಒಮ್ಮೆ ನಿಲ್ಲುತ್ತಾಳೆ, ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಇನ್ನೊಮ್ಮೆ ನಿಲ್ಲುತ್ತಾಳೆ. ಕಳೆದರೆ ಮಗುವಿನ ತೂಕ ಸಿಕ್ಕಿತು. ಯಂತ್ರ ಆ ಸಂಖ್ಯೆಯನ್ನು ತೋರಿಸಲೇ ಇಲ್ಲ, ನಾವು ಲೆಕ್ಕದಿಂದ ಪಡೆದೆವು. ಹಾಗೆಯೇ ಒಂದು ಹಾಳೆಯ ದಪ್ಪವನ್ನು ಸ್ಕೇಲಿನಲ್ಲಿ ಅಳೆಯಲು ಆಗುವುದಿಲ್ಲ. ಆದರೆ 500 ಹಾಳೆಗಳ ಕಟ್ಟು 5 ಸೆಂಟಿಮೀಟರ್ ಇದ್ದರೆ, ಒಂದು ಹಾಳೆ 0.1 ಮಿಲಿಮೀಟರ್. ಇವು ಪರೋಕ್ಷ ಅಳತೆಗಳು.

ಪರೋಕ್ಷ ಅಳತೆಯ ಒಳಗೆ ಎರಡು ಸಂಗತಿಗಳಿವೆ. ಎಲ್ಲೋ ಒಂದು ಕಡೆ ನಿಜವಾಗಿ ಅಳೆದ ಒಂದು ಸಂಖ್ಯೆ ಇರಬೇಕು. ಆ ಸಂಖ್ಯೆಯಿಂದ ನಮಗೆ ಬೇಕಾದದ್ದಕ್ಕೆ ಹೋಗಲು ನಾವು ನಂಬಿದ ಒಂದು ಸಂಬಂಧವೂ ಇರಬೇಕು. ಹಾಳೆಗಳೆಲ್ಲ ಒಂದೇ ದಪ್ಪ ಎಂದು ನಂಬಿದ್ದರಿಂದಲೇ ಭಾಗಿಸಿದೆವು. ಕಟ್ಟಿನ ನಡುವೆ ನಾಲ್ಕು ರಟ್ಟು ಸೇರಿಕೊಂಡಿದ್ದರೆ ಭಾಗಾಕಾರ ಸರಿಯಾಗಿದ್ದರೂ ಉತ್ತರ ತಪ್ಪು.

ಶಾಲೆಯಲ್ಲಿ ಈ ಪರೋಕ್ಷ ಅಳತೆ ಸಮರೂಪ ತ್ರಿಭುಜಗಳು, ತ್ರಿಕೋನಮಿತಿ ಎಂಬ ಹೆಸರಿನಲ್ಲಿ ಬರುತ್ತದೆ. ಹತ್ತನೇ ತರಗತಿಯ ಲೆಕ್ಕ ನಿಮಗೆ ನೆನಪಿರಬಹುದು. ಗೋಪುರದ ಬುಡದಿಂದ ಇಷ್ಟು ದೂರ, ಉನ್ನತ ಕೋನ ಇಷ್ಟು, ಎತ್ತರ ಎಷ್ಟು? ಮಗು ಟ್ಯಾನ್ ಬೆಲೆ ಹಾಕಿ ಉತ್ತರ ಬರೆಯುತ್ತದೆ. ದೂರವನ್ನು ಟೇಪು ಎಳೆದು ಅಳೆದವರು ಯಾರು, ಕೋನವನ್ನು ನೋಡಿದವರು ಯಾರು ಎಂಬುದು ಅದರ ತಲೆಗೆ ಬರುವುದೇ ಇಲ್ಲ. ಎರಡನ್ನೂ ಪುಸ್ತಕವೇ ಕೊಟ್ಟುಬಿಟ್ಟಿದೆಯಲ್ಲ!

ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ನಾನು ಇದನ್ನು ಮಾಡಿಸಿ ನೋಡಿದ್ದೇನೆ. ಕೋನಮಾಪಕಕ್ಕೆ ಒಂದು ಸ್ಟ್ರಾ ಅಂಟಿಸಿ, ನಡುವಿನಿಂದ ದಾರದಲ್ಲಿ ಬೀಗದ ಕೈ ತೂಗುಬಿಟ್ಟರೆ ಉಪಕರಣ ಸಿದ್ಧ. ಕಟ್ಟಡದ ತುದಿ 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಹಿಂದೆ ನಡೆಯಬೇಕು. ಅಲ್ಲಿ ನಿಂತಾಗ ಕಟ್ಟಡಕ್ಕೆ ಇರುವ ದೂರ, ಜೊತೆಗೆ ನಮ್ಮ ಕಣ್ಣಿನ ಎತ್ತರ, ಇಷ್ಟೇ ಕಟ್ಟಡದ ಎತ್ತರ. ಮೂರು ಗುಂಪಿಗೆ ಮೂರು ಉತ್ತರ ಬಂತು. ಒಂದು ಗುಂಪು ಕಣ್ಣಿನ ಎತ್ತರ ಸೇರಿಸಿರಲಿಲ್ಲ. ಇನ್ನೊಂದರ ಕೋನ ಸ್ವಲ್ಪ ತಪ್ಪಿತ್ತು. 20 ಮೀಟರ್ ದೂರದಲ್ಲಿ ಕೋನ ಒಂದು ಡಿಗ್ರಿ ತಪ್ಪಿದರೆ ಎತ್ತರದಲ್ಲಿ ಸುಮಾರು 70 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಕೊನೆಗೆ ತಾರಸಿಯಿಂದ ಹಗ್ಗ ಇಳಿಬಿಟ್ಟು, ಆ ಹಗ್ಗವನ್ನು ನೆಲದ ಮೇಲೆ ಹಾಸಿ ಟೇಪಿನಲ್ಲಿ ಅಳೆದೆವು. ಜಗಳ ನಿಂತಿತು. "ಹಾಗಾದರೆ ನಮ್ಮದು ಯಾಕೆ ಹೆಚ್ಚು ಬಂತು?" ಎಂಬ ಪ್ರಶ್ನೆ ಶುರುವಾಯಿತು. ನನಗೆ ಬೇಕಾಗಿದ್ದು ಆ ಪ್ರಶ್ನೆಯೇ.

ಇದೇ ಕೆಲಸ ದೊಡ್ಡದಾಗಿ ನಡೆದದ್ದು ನಾವಿರುವ ಈ ಊರಿನಲ್ಲೇ. ಏರ್‌ಪೋರ್ಟಿಗೆ ಹೋಗುವಾಗ ಕಾಣುವ ಪರಂಗಿಮಲೈ, ಅಂದರೆ ಸೇಂಟ್ ಥಾಮಸ್ ಮೌಂಟ್. ಅದರ ಹತ್ತಿರ 1802ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ 100 ಅಡಿಯ ಉಕ್ಕಿನ ಸರಪಳಿಯಿಂದ ಸುಮಾರು ಏಳೂವರೆ ಮೈಲಿ ಉದ್ದದ ಒಂದು ಗೆರೆಯನ್ನು ಅಳೆಯಲು ತೊಡಗಿದರು. ಸರಪಳಿಯನ್ನು 400 ಸಲ ಹಾಸಬೇಕಾಯಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಉಷ್ಣತೆಯನ್ನೂ ಬರೆದಿಟ್ಟುಕೊಂಡರು. ಅಲ್ಲಿಂದ ಮುಂದೆ ಸರಪಳಿ ಬೇಕಾಗಲಿಲ್ಲ. ತ್ರಿಭುಜದ ಒಂದು ಬಾಹು ಮತ್ತು ಕೋನಗಳು ಗೊತ್ತಿದ್ದರೆ ಉಳಿದ ಬಾಹುಗಳು ಲೆಕ್ಕಕ್ಕೆ ಸಿಗುತ್ತವೆ. ಸಿಕ್ಕ ಬಾಹು ಮುಂದಿನ ತ್ರಿಭುಜಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ನೋಡುತ್ತಾ ತ್ರಿಭುಜಗಳ ಸಾಲು ಬೆಂಗಳೂರಿನವರೆಗೆ ಬಂತು.

1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೆ ಸರಪಳಿ ಹಾಸಿ ಸುಮಾರು ಅಷ್ಟೇ ಉದ್ದದ ಇನ್ನೊಂದು ಗೆರೆಯನ್ನು ನೇರವಾಗಿ ಅಳೆದರು. ಮದ್ರಾಸಿನಿಂದ ಲೆಕ್ಕ ಹಾಕುತ್ತಾ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ! ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಅವರ ಲೆಕ್ಕದ ಜಾಣ್ಮೆಗಿಂತ, ಮತ್ತೆ ನೆಲಕ್ಕಿಳಿದು ಪರೀಕ್ಷಿಸಿದ ಬುದ್ಧಿ.

ಆ ಸರ್ವೆಯೇ ಉತ್ತರಕ್ಕೆ ಬೆಳೆದು ಹಿಮಾಲಯ ತಲುಪಿತು. ನೂರು ಮೈಲಿಗೂ ಹೆಚ್ಚು ದೂರದ ಬಯಲಿನಿಂದ ನೋಡಿದ ಕೋನಗಳ ಲೆಕ್ಕದಲ್ಲಿ ದುಡಿದವರು ಬಂಗಾಳದ ರಾಧಾನಾಥ ಸಿಕ್ದರ್. ಅವರ ಹುದ್ದೆಯ ಹೆಸರೇ ಮುಖ್ಯ ಕಂಪ್ಯೂಟರ್! 1856ರಲ್ಲಿ ಪ್ರಕಟವಾದ ಎವರೆಸ್ಟ್ ಎತ್ತರ 29,002 ಅಡಿ. ಮನುಷ್ಯರು ಆ ತುದಿ ಹತ್ತಿ ಬಂದದ್ದು 1953ರಲ್ಲಿ. 2020ರಲ್ಲಿ ನೇಪಾಳ ಮತ್ತು ಚೀನಾ ಪ್ರಕಟಿಸಿದ ಎತ್ತರ 8,848.86 ಮೀಟರ್. ಹಳೆಯ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ಸುಮಾರು 30 ಅಡಿ ಮಾತ್ರ.

ಈಗ ನಮ್ಮ ಮನೆಗೆ ಬರೋಣ. ಮಕ್ಕಳ ಅಂಕವೂ ಪರೋಕ್ಷ ಅಳತೆಯೇ. ಉತ್ತರ ಪತ್ರಿಕೆಯಿಂದ ನೇರವಾಗಿ ತಿಳಿಯುವುದು ಆ ಮೂರು ಗಂಟೆಯಲ್ಲಿ ಮಗು ಏನು ಬರೆಯಿತು ಎಂಬುದು. "ಇವಳಿಗೆ ಗಣಿತ ಹತ್ತುವುದಿಲ್ಲ" ಎಂಬುದು ಅಲ್ಲಿಂದ ನಾವು ಲೆಕ್ಕ ಹಾಕಿ ತೆಗೆದ ಉತ್ತರ. ನಡುವೆ ನಾವು ನಂಬಿದ ಸಂಬಂಧ ಎಷ್ಟು ಗಟ್ಟಿ? ಜ್ವರ ಇತ್ತೇ, ಇಂಗ್ಲಿಷಿನ ಪ್ರಶ್ನೆ ಅರ್ಥವಾಗಲಿಲ್ಲವೇ, ಬರವಣಿಗೆ ನಿಧಾನವೇ? ಆ ರಟ್ಟುಗಳನ್ನು ನಾವು ಹುಡುಕುವುದೇ ಇಲ್ಲ. ಹನ್ನೊಂದನೇ ತರಗತಿಗೆ ಗ್ರೂಪ್ ಆರಿಸುವ ಹೊತ್ತಿನಲ್ಲಿ ಒಂದೇ ಅಂಕಪಟ್ಟಿ ನೋಡಿ ಹೆಣ್ಣುಮಕ್ಕಳನ್ನು ಗಣಿತದಿಂದ ದೂರ ಮಾಡುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಗಂಡುಮಕ್ಕಳಿಗೆ ಅದೇ ಅಂಕ ಬಂದರೆ "ಟ್ಯೂಷನ್ ಹಾಕೋಣ" ಅನ್ನುತ್ತೇವೆ.

ಅಂಕ ಬೇಡ ಎಂದು ನಾನು ಹೇಳುತ್ತಿಲ್ಲ. ಪರೋಕ್ಷ ಅಳತೆ ಇಲ್ಲದಿದ್ದರೆ ಎವರೆಸ್ಟ್ ಎತ್ತರ ಆಗ ತಿಳಿಯುತ್ತಿರಲಿಲ್ಲ. ಆದರೆ ಬೆಂಗಳೂರಿನಲ್ಲಿ ಹಾಸಿದಂತೆ ನಾವೂ ಒಮ್ಮೆ ಸರಪಳಿ ಹಾಸಬೇಕು. ಮಗುವಿನ ಪಕ್ಕದಲ್ಲಿ ಕುಳಿತು, "ಈ ಲೆಕ್ಕ ಹೇಗೆ ಮಾಡಿದೆ, ನನಗೆ ಹೇಳಿಕೊಡು ಪುಟ್ಟಿ" ಎಂದು ಕೇಳಿ. ಹತ್ತು ನಿಮಿಷ ಸಾಕು. ನಿಮಗೆ ಗಣಿತ ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಎಲ್ಲಿ ತಡವರಿಸುತ್ತಾಳೆ ಎಂಬುದು ಕೇಳುವವರಿಗೆ ತಿಳಿಯುತ್ತದೆ. ಅದಾದ ಮೇಲೆ ಗ್ರೂಪ್ ಯಾವುದು ಎಂದು ಅವಳೊಂದಿಗೇ ಕುಳಿತು ತೀರ್ಮಾನಿಸಿ.

ಈ ರಜೆಯಲ್ಲಿ ಸಂಘದ ಮಕ್ಕಳನ್ನು ಸೇರಿಸಿ ಒಂದು ತೆಂಗಿನಮರವನ್ನೋ ನೀರಿನ ಟ್ಯಾಂಕನ್ನೋ ಅಳೆಯೋಣ. ಸ್ಟ್ರಾ, ದಾರ, ಬೀಗದ ಕೈ ನಾನು ತರುತ್ತೇನೆ. ಹಗ್ಗ ಹಿಡಿಯಲು ನೀವು ಬನ್ನಿ.